ರಾಗಿ ಹೊಲದಲ್ಲೊಂದು ಧರ್ಮಕೇಂದ್ರ

ಆನೇಕಲ್ ತಾಲ್ಲೂಕಿನ ಕೆಮ್ಮಣ್ಣಿನಲ್ಲಿ ಹಿಪ್ಪೆ ಮರ ಹೂ ಬಿಡಲು ತೊಡಗುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಹಳೆಯ ಎಲೆ ಉದುರಿ ಕೊಂಬೆಗಳು ಬರಿದಾಗುತ್ತವೆ, ತುದಿಗಳಲ್ಲಿ ಕಂದು ಬಣ್ಣದ ಮೊಗ್ಗುಗಳು ಗೊಂಚಲುಗಟ್ಟುತ್ತವೆ. ಕತ್ತಲಾದ ಮೇಲೆ ಬಾವಲಿಗಳು ಬರುತ್ತವೆ. ಬೆಳಗಿನ ಜಾವ ಮರದ ಬುಡದಲ್ಲಿ ಕೆನೆಬಣ್ಣದ, ರಸ ತುಂಬಿದ ಹೂಗಳು ಚೆಲ್ಲಿರುತ್ತವೆ. ಇರುವೆ, ಅಳಿಲು, ಮೈನಾ ಒಂದೊಂದಾಗಿ ಹಾಜರಾಗುತ್ತವೆ. ನಾನು ವರ್ಷಗಳಿಂದ ನೋಡುತ್ತ ಬಂದಿರುವ ಮರ ಸರ್ಜಾಪುರದ ದಿಕ್ಕಿನ ಒಂದು ಬಡಾವಣೆಯ ಅಂಚಿನಲ್ಲಿದೆ. ಅದರ ಸುತ್ತ ಎರಡು ಎಕರೆಯಷ್ಟು ಹೊಲ. ಮೊದಲು ಅಲ್ಲಿ ರಾಗಿ ಬೆಳೆಯುತ್ತಿತ್ತು, ನಡುನಡುವೆ ಅವರೆ ಮತ್ತು ಹುಚ್ಚೆಳ್ಳಿನ ಅಕ್ಕಡಿ ಸಾಲು. ಈಗ ಅದು ಕಥೋಲಿಕ ಕ್ರೈಸ್ತರ ಹೊಸ ಧರ್ಮಕೇಂದ್ರದ, ಅಂದರೆ ಪ್ಯಾರಿಷ್‌ನ, ನೆಲ. ಬಡಾವಣೆಯ ಹೆಸರನ್ನಾಗಲಿ ಅಲ್ಲಿಯ ಜನರ ಹೆಸರನ್ನಾಗಲಿ ಬರೆಯುತ್ತಿಲ್ಲ. ಬೆಂಗಳೂರಿನ ಅಂಚಿನಲ್ಲಿ ಹಲವೆಡೆ ನಡೆಯುತ್ತಿರುವುದನ್ನೇ ನಾನು ಒಂದು ಹೊಲದಲ್ಲಿ ನಿಂತು ನೋಡಿದ್ದೇನೆ.

ಈ ಸೀಮೆ ಬದಲಾಗುತ್ತ ಬಂದ ಬಗೆ ನೆಲವನ್ನು ನೋಡಿದರೇ ತಿಳಿಯುತ್ತದೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಶುರುಮಾಡಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳು ಬಂದವು. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ ಸುಮಾರು 65 ಲಕ್ಷ ಇದ್ದದ್ದು 2011ರಲ್ಲಿ 96 ಲಕ್ಷ ದಾಟಿತ್ತು. ಮಳೆ ನಂಬಿದ ಹೊಲದವರು ಕೂಲಿ ಸಿಗದೆ ರಾಗಿ ಬಿಟ್ಟು ನೀಲಗಿರಿ ನೆಟ್ಟರು. ನೀಲಗಿರಿ ಕಡಿದ ಮೇಲೆ ನಿವೇಶನದ ಕಲ್ಲು ನೆಟ್ಟರು. ಈ ಎರಡು ಎಕರೆ ಮಾತ್ರ ನೀಲಗಿರಿಯಿಂದ ಪಾರಾಗಿತ್ತು. ಏಕೆಂದು ಹೊಲದ ಹಳೆಯ ಯಜಮಾನರನ್ನು ಕೇಳಿದೆ.

"ಹಿಪ್ಪೆ ಮರ ಇತ್ತಲ್ಲ ಸ್ವಾಮಿ, ಅದಕ್ಕೇ ಬಿಟ್ವಿ. ನಮ್ಮಜ್ಜಿ ಕಾಲ್ದಲ್ಲಿ ಇದರ ಬೀಜದೆಣ್ಣೇಲೇ ದೀಪ ಹಚ್ಚೋರು. ನೀಲಗಿರಿ ಹಾಕಿದ್ರೆ ಇದು ಒಣಗೋದು."

ಅವರು ಹೊಲ ಮಾರಿ ವರ್ಷಗಳಾಗಿವೆ. ಈಗಲೂ ಸಂಜೆ ಬಂದು ಬೇಲಿಯ ಹತ್ತಿರ ನಿಂತು ಹೋಗುತ್ತಾರೆ. ಹೊಲದ ಇನ್ನೊಂದು ಮೂಲೆಯಲ್ಲಿ ಹೊಂಗೆ ಮರ, ಅದರ ಬುಡದಲ್ಲಿ ಅವರ ಮನೆತನದವರು ಪೂಜಿಸುವ ಮುನೇಶ್ವರನ ಕಲ್ಲು. ಕ್ರಯ ಆಗುವಾಗ ಆ ಕಲ್ಲಿಗೆ ಹೋಗುವ ಕಾಲುದಾರಿಯನ್ನು ಬಿಟ್ಟುಕೊಡಬೇಕೆಂದು ಬಾಯಿಮಾತಿನಲ್ಲಿ ಕೇಳಿದ್ದರಂತೆ. ಧರ್ಮಕೇಂದ್ರದ ಫಾದರ್ ಒಪ್ಪಿದ್ದಾರೆ. ಕಾಂಪೌಂಡು ಗೋಡೆ ಅಲ್ಲಿ ಒಳಕ್ಕೆ ಬಾಗಿ, ಮರವನ್ನೂ ಕಲ್ಲನ್ನೂ ಹೊರಗೆ ಬಿಟ್ಟು ಮುಂದೆ ಸಾಗುತ್ತದೆ. ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲ ಊರುಗಳಿಂದ ಎತ್ತುಗಳು ಎಳೆದು ತರುವ ಗಗನಚುಂಬಿ ತೇರುಗಳನ್ನು ನೋಡುತ್ತ ಬೆಳೆದ ಜನ ಇವರು. ಹೊಸಬರ ದೇವರಿಗೂ ಒಂದು ಜಾಗ ಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಮಾರಾಟವಾದ ಹೊಲ ಉಳುಮೆ ಕಾಣದೆ ಬಿದ್ದ ಮೊದಲ ಮಳೆಗಾಲದಲ್ಲಿ ಗರಿಕೆ, ತುಂಬೆ, ಉತ್ತರಾಣಿ ಎದ್ದವು. ಮರುವರ್ಷ ಪಾರ್ಥೇನಿಯಂ ಮೇಲುಗೈ ಪಡೆಯಿತು, ಬೇಲಿಯುದ್ದಕ್ಕೂ ಲಂಟಾನ ಹಬ್ಬಿತು. ಎಕ್ಕದ ಗಿಡದ ಮೇಲೆ ಕಿತ್ತಳೆ ಬಣ್ಣದ ಚಿಟ್ಟೆಯ ಮರಿಹುಳು ಎಲೆ ಮೇಯುತ್ತಿತ್ತು. ಮುನಿಯಾ ಹಕ್ಕಿಗಳು ಹುಲ್ಲಿನ ಬೀಜಕ್ಕೆ ಬಂದವು, ಕಾಜಾಣ ಬೇಲಿಯ ಕಂಬದಿಂದ ಕಂಬಕ್ಕೆ ಹಾರುತ್ತ ಹುಳು ಹಿಡಿಯಿತು. ಹಿಪ್ಪೆಯ ಪೊಟರೆಯಲ್ಲಿ ಹಾಲಕ್ಕಿ ಜೋಡಿ ಹಗಲೆಲ್ಲ ಅರೆಗಣ್ಣು ಮುಚ್ಚಿ ಕೂತಿರುತ್ತಿತ್ತು. ಹೊಲದ ನಡುವಿನ ಬರಡು ನೆಲದಲ್ಲಿ ಟಿಟ್ಟಿಭಗಳು. ನಾನು ಆ ನೆಲಕ್ಕೆ ಹೋಗುತ್ತಿದ್ದದ್ದು ಅವುಗಳಿಗಾಗಿ.

ಈ ಬಡಾವಣೆಯಲ್ಲಿ ಕ್ರೈಸ್ತರು ಇದ್ದಾರೆಂದು ನನಗೆ ಗೊತ್ತಾದದ್ದು ಡಿಸೆಂಬರಿನ ನಕ್ಷತ್ರಗಳಿಂದ. ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಮೊದಲ ವರ್ಷ ಅಲ್ಲೊಂದು ಇಲ್ಲೊಂದು ಕಾಗದದ ನಕ್ಷತ್ರ ಉರಿಯುತ್ತಿತ್ತು. ಎರಡು ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಪ್ರತಿ ಮಹಡಿಯಲ್ಲೂ ಕಂಡವು. ಒಬ್ಬರಿಗೊಬ್ಬರು ಪರಿಚಯವಿಲ್ಲದವರು, ಬೇರೆ ಬೇರೆ ಕಡೆಯಿಂದ ಕೆಲಸಕ್ಕೆ ಬಂದವರು, ನಕ್ಷತ್ರ ನೋಡಿಯೇ ಒಬ್ಬರ ಮನೆಯ ಕರೆಗಂಟೆ ಇನ್ನೊಬ್ಬರು ಒತ್ತಿದರೆಂದು ಅವರೇ ಹೇಳಿದರು. ಅಕ್ಟೋಬರ್ ಜಪಸರದ ತಿಂಗಳು. ಆ ತಿಂಗಳ ಸಂಜೆಗಳಲ್ಲಿ ಯಾವುದಾದರೂ ಒಂದು ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬೀಳುತ್ತಿತ್ತು, ಮರುದಿನ ಇನ್ನೊಂದು ಮನೆಯ ಮುಂದೆ. ಮಕ್ಕಳು ಮಾತೆ ಮರಿಯಮ್ಮನ ಪುಟ್ಟ ಪ್ರತಿಮೆಯನ್ನು ಎತ್ತಿಕೊಂಡು ಮನೆಯಿಂದ ಮನೆಗೆ ಹೋಗುತ್ತಿದ್ದರು. ಹಸ್ತದ ಮಳೆ ಹೊಡೆದ ಒಂದು ಸಂಜೆ ಕರೆಂಟು ಹೋಗಿ, ಲಿಫ್ಟು ನಿಂತು, ಆ ಸಾಲು ಮೆಟ್ಟಿಲುಗಳಲ್ಲೇ ಕೂತು ಪ್ರಾರ್ಥನೆ ಮುಗಿಸಿತು.

ಆಗ ಇವರೆಲ್ಲ ಇನ್ನೊಂದು ಧರ್ಮಕೇಂದ್ರಕ್ಕೆ ಸೇರಿದವರು. ಆ ಚರ್ಚು ದೂರ. ಭಾನುವಾರವೂ ಹೊಸೂರು ರಸ್ತೆಯ ವಾಹನ ದಟ್ಟಣೆ ಕಡಿಮೆಯಾಗುವುದಿಲ್ಲ. ಮುದುಕರು ಹೋಗುವುದು ನಿಲ್ಲಿಸಿದ್ದರು. ತಾಯಿ ಧರ್ಮಕೇಂದ್ರದ ಗುರುಗಳು ಸ್ಕೂಟರಿನಲ್ಲಿ ಬಂದು, ನೋಟ್‌ಬುಕ್ಕು ಹಿಡಿದು ಬ್ಲಾಕು ಬ್ಲಾಕು ಸುತ್ತಿ ಮನೆಗಳನ್ನು ಬರೆದುಕೊಂಡರು. ಹಕ್ಕಿ ಗಣತಿ ಮಾಡುವವರ ತಾಳ್ಮೆ ಏನೆಂದು ನನಗೆ ಗೊತ್ತು. ಆ ಗುರುಗಳಲ್ಲಿ ಅದು ಇತ್ತು. ಒಂದೇ ಮನೆಗೆ ಎರಡು ಮೂರು ಸಲ ಹೋಗಿ, ಬೀಗ ಕಂಡರೆ ಮತ್ತೆ ಬಂದು, ಯಾರು ಎಲ್ಲಿಯವರು, ಮಕ್ಕಳಿಗೆ ಜ್ಞಾನಸ್ನಾನ ಆಗಿದೆಯೋ, ಹಾಸಿಗೆ ಹಿಡಿದವರಿದ್ದಾರೋ ಎಂದು ವಿಚಾರಿಸುತ್ತಿದ್ದರು. ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಪ್ರತಿ ಸಲ ಅವರನ್ನು ತಡೆದು ಹೆಸರು ಬರೆಸಿಕೊಳ್ಳುತ್ತಿದ್ದ ಕಾವಲುಗಾರ, ಕೊನೆಗೊಂದು ದಿನ, "ಫಾದರ್, ನನ್ನ ಹೆಸರೂ ಬರ್ಕೊಳ್ಳಿ" ಅಂದ. ಅವನು ಜಾರ್ಖಂಡಿನ ಸಿಮಡೇಗಾ ಜಿಲ್ಲೆಯ ಆದಿವಾಸಿ ಹುಡುಗ, ಅಜ್ಜನ ಕಾಲದಿಂದ ಕಥೋಲಿಕ.

ಆ ನೋಟ್‌ಬುಕ್ಕಿನಲ್ಲಿ ಸೇರಿದ ಜನ ಬಹಳ ಬಗೆಯವರು. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಮಾತಿನವರು. ಕನಕಪುರದ ಹಾರೋಬೆಲೆ, ಮೈಸೂರು ಸೀಮೆಯ ದೋರನಹಳ್ಳಿ ಸುತ್ತಿನ ಕನ್ನಡ ಕ್ರೈಸ್ತರು. ರಾಗಿ ಬೆಳೆದು, ಎತ್ತು ಕಟ್ಟಿ ಬಾಳಿದ ಮನೆತನಗಳವರು. ತಮಿಳರು, ತೆಲುಗರು. ಒಡಿಶಾದ ಸುಂದರಗಢ, ಛತ್ತೀಸಗಢದ ಜಶಪುರದಿಂದ ಬಂದ ಆದಿವಾಸಿಗಳು. ಮಲಯಾಳಿಗಳಲ್ಲಿ ಹಲವರು ಸಿರೋ ಮಲಬಾರ್ ಪದ್ಧತಿಯವರು; ಅವರಿಗೆ ಅವರದೇ ಧರ್ಮಾಧ್ಯಕ್ಷರು (ಬಿಷಪ್), ಅವರದೇ ಧರ್ಮಕ್ಷೇತ್ರ (ಡಯಾಸಿಸ್). 2010ರಲ್ಲಿ ಸ್ಥಾಪನೆಯಾದ ಮಂಡ್ಯ ಧರ್ಮಕ್ಷೇತ್ರದ ವ್ಯಾಪ್ತಿಯನ್ನು 2015ರಲ್ಲಿ ಬೆಂಗಳೂರಿಗೂ ವಿಸ್ತರಿಸಲಾಯಿತು. ಹೀಗಾಗಿ ಒಂದೇ ಮಹಡಿಯಲ್ಲಿ ಎದುರುಬದುರು ಇರುವ ಎರಡು ಕಥೋಲಿಕ ಮನೆಗಳು ಎರಡು ಬೇರೆ ಧರ್ಮಕೇಂದ್ರಗಳಿಗೆ ಸೇರಿರಬಹುದು. ಹೊರಗಿನವನಾದ ನನಗೆ ಇದು ಮೊದಲು ಗೋಜಲಾಗಿ ಕಂಡಿತ್ತು. ಒಂದೇ ಕೆರೆಯಲ್ಲಿ ಯಾವ ಹಕ್ಕಿ ಎಲ್ಲಿ ಮೇಯುತ್ತದೆ ಎಂದು ನೋಡಿ ಅಭ್ಯಾಸವಾದ ಕಣ್ಣಿಗೆ ನಿಧಾನವಾಗಿ ಅದರ ಕ್ರಮ ತಿಳಿಯಿತು. ಭಾಷೆಯ ವಿಷಯದಲ್ಲಿ ಈ ಸಮುದಾಯದಲ್ಲಿ ಬಿಸಿ ಮಾತು ನಡೆದದ್ದೂ ಉಂಟು. ವಾರದ ಮೊದಲ ಪೂಜೆ ಕನ್ನಡದಲ್ಲೇ ಇರಬೇಕೆಂದು ಹಾರೋಬೆಲೆ ಕಡೆಯ ಹಿರಿಯರೊಬ್ಬರು ಪಟ್ಟು ಹಿಡಿದರು. ನನ್ನ ಮಟ್ಟಿಗೆ ಅವರು ಹೇಳಿದ್ದು ನ್ಯಾಯ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಜನರ ಆಡುಭಾಷೆಗಳಿಗೆ ಪೂಜೆಯ ಬಾಗಿಲು ತೆರೆದದ್ದೇ, ನೆಲದ ಜನಕ್ಕೆ ನೆಲದ ಮಾತಿನಲ್ಲಿ ಪ್ರಾರ್ಥನೆ ಸಿಗಲಿ ಎಂದು. ಈಗ ಬೆಳಗಿನ ಮೊದಲ ಪೂಜೆ ಕನ್ನಡದ್ದು. ಆ ಹೊತ್ತಿಗೆ ಬರುವವರು ಗಾರ್ಮೆಂಟ್ಸ್ ಕೆಲಸದವರು, ಮನೆಗೆಲಸದ ಹೆಂಗಸರು, ಸೊಪ್ಪಿನ ಮಡಿ ನೋಡಿಕೊಂಡು ನೇರ ಬರುವ ಒಂದಿಬ್ಬರು. ಇಂಗ್ಲಿಷ್ ಪೂಜೆಯ ಹೊತ್ತಿಗೆ ಕಾರುಗಳು. ಹಿಂದಿ ಪೂಜೆ ತಿಂಗಳಿಗೊಮ್ಮೆ.

ಕಟ್ಟಡಕ್ಕಿಂತ ಮೊದಲೇ ಧರ್ಮಕೇಂದ್ರ ಹುಟ್ಟಬಹುದು ಎಂಬುದು ನನಗೆ ತಿಳಿದದ್ದು ಇಲ್ಲಿ. 1983ರ ಧರ್ಮಸಭೆಯ ಕಾನೂನು ಧರ್ಮಕೇಂದ್ರವನ್ನು ವಿಶ್ವಾಸಿಗಳ ಸ್ಥಿರವಾದ ಸಮುದಾಯ ಎಂದು ವಿವರಿಸುತ್ತದೆ. ಗೋಡೆ, ಗೋಪುರದ ಮಾತು ಆ ವಿವರಣೆಯಲ್ಲಿ ಬರುವುದೇ ಇಲ್ಲ. ಅದನ್ನು ಸ್ಥಾಪಿಸುವ ಅಧಿಕಾರ ಧರ್ಮಾಧ್ಯಕ್ಷರೊಬ್ಬರಿಗೇ ಇದ್ದರೂ ಗುರುಗಳ ಮಂಡಳಿಯ ಮಾತು ಕೇಳದೆ ಅವರು ಆದೇಶ ಹೊರಡಿಸುವಂತಿಲ್ಲ. ಚರ್ಚು ಕಟ್ಟುವುದಾದರೆ ಅಕ್ಕಪಕ್ಕದ ಚರ್ಚುಗಳ ಗುರುಗಳನ್ನೂ ಕೇಳಬೇಕು. ಇದರಲ್ಲಿ ನನಗೆ ಹಿಡಿಸಿದ್ದು ಎಲ್ಲೆ ಗುರುತಿಸುವ ಬಗೆ. ಸಾಮಾನ್ಯವಾಗಿ ಧರ್ಮಕೇಂದ್ರಕ್ಕೆ ನೆಲದ ಮೇಲೆ ಎಲ್ಲೆ ಇರುತ್ತದೆ, ಅದರೊಳಗೆ ಬಾಳುವ ಎಲ್ಲ ವಿಶ್ವಾಸಿಗಳೂ ಅದರವರು. ಇಲ್ಲಿ ಒಂದು ಕಡೆ ಹೆದ್ದಾರಿ, ಒಂದು ಕಡೆ ಕೆರೆಯ ಏರಿ, ಇನ್ನೊಂದು ಕಡೆ ಆ ಕೆರೆಗೆ ನೀರು ತರುವ ರಾಜಕಾಲುವೆ. ಕಂದಾಯ ನಕ್ಷೆಯಲ್ಲೇ ಮಸುಕಾಗುತ್ತಿರುವ ಆ ಕಾಲುವೆ ಧರ್ಮಕ್ಷೇತ್ರದ ಕಡತದಲ್ಲಿ ಗಡಿಯಾಗಿ ಉಳಿಯಿತು. ಬೆಂಗಳೂರು ಧರ್ಮಕ್ಷೇತ್ರವೂ ಹೀಗೆ ವಿಂಗಡಣೆಯಿಂದಲೇ ಹುಟ್ಟಿದ್ದು: 1940ರಲ್ಲಿ ಮೈಸೂರಿನಿಂದ ಬೇರೆಯಾಯಿತು, 1953ರಲ್ಲಿ ಮಹಾಧರ್ಮಕ್ಷೇತ್ರವಾಯಿತು.

ಧರ್ಮಕೇಂದ್ರ ಸ್ಥಾಪನೆಯ ಆದೇಶ ಓದಿದ ಭಾನುವಾರ ಫಾದರ್ ಮೂರು ದಪ್ಪ ರಿಜಿಸ್ಟರುಗಳನ್ನು ಪೀಠದ ಪಕ್ಕದ ಮೇಜಿನ ಮೇಲೆ ಇಟ್ಟಿದ್ದರು. ಜ್ಞಾನಸ್ನಾನಕ್ಕೊಂದು, ಮದುವೆಗೊಂದು, ಮರಣಕ್ಕೊಂದು. ಪುಟಗಳೆಲ್ಲ ಖಾಲಿ. ಜ್ಞಾನಸ್ನಾನದ ಪುಟದಲ್ಲಿ ಬಲಗಡೆ ಅಗಲವಾದ ಅಂಕಣ ಬಿಟ್ಟಿದ್ದನ್ನು ನೋಡಿ ಅದು ಏಕೆಂದು ಕೇಳಿದೆ. ಇಲ್ಲಿ ಜ್ಞಾನಸ್ನಾನ ಪಡೆದ ಮಗು ಬೆಳೆದು ದುಬೈಯಲ್ಲೋ ಟೊರಾಂಟೊದಲ್ಲೋ ಮದುವೆಯಾದರೆ ಅಲ್ಲಿಯ ಚರ್ಚು ಇಲ್ಲಿಗೆ ಬರೆದು ತಿಳಿಸಬೇಕು. ಇಲ್ಲಿ ಆ ಮಗುವಿನ ಹೆಸರಿನ ಪಕ್ಕದಲ್ಲಿ ಅದು ದಾಖಲಾಗಬೇಕು. ದೃಢೀಕರಣ, ಗುರುದೀಕ್ಷೆ, ಮಠದ ವ್ರತ, ಎಲ್ಲ ಸುದ್ದಿಯೂ ಹುಟ್ಟಿದ ಪುಟಕ್ಕೆ ಮರಳಿ ಬರಬೇಕು. ತಮಿಳುನಾಡಿನ ಕೋಡಿಕ್ಕರೈಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಿಡುವುದು ನನಗೆ ನೆನಪಾಯಿತು. ಎಲ್ಲೋ ದೂರದಲ್ಲಿ ಯಾರೋ ಆ ಉಂಗುರದ ಸಂಖ್ಯೆ ಓದಿ ಬರೆದರೆ, ಹಕ್ಕಿಯ ಬಾಳಿನ ಒಂದು ಸಾಲು ಮೊದಲ ಪುಟಕ್ಕೆ ಸೇರುತ್ತದೆ. ವಲಸೆ ಬಂದವರೇ ತುಂಬಿದ ಬಡಾವಣೆಯಲ್ಲಿ, ನಾಳೆ ಮತ್ತೆಲ್ಲಿಗೋ ಹೋಗಲಿರುವ ಮಕ್ಕಳಿಗೆ, ತಮ್ಮ ಹೆಸರು ಮೊದಲು ಬರೆದ ಪುಟವೊಂದು ಇಲ್ಲಿ ಇದೆ ಎಂಬುದು ಸಣ್ಣ ಸಂಗತಿಯಲ್ಲ.

ಪೂಜೆ ನಡೆಯುತ್ತಿದ್ದದ್ದು ತಗಡಿನ ಚಪ್ಪರದಲ್ಲಿ. ಮೊದಲು ಬಾಡಿಗೆಯ ಹಾಲ್, ಅದು ಮದುವೆಗಳಿಗೆ ಬೇಕಾದಾಗ ಯಾರದೋ ಮನೆಯ ಟೆರೇಸು, ಆಮೇಲೆ ಹೊಲದಲ್ಲೇ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ಚಪ್ಪರ. ಕೃಷಿಭೂಮಿಯಲ್ಲಿ ಪಕ್ಕಾ ಕಟ್ಟಡ ಏಳಬೇಕಾದರೆ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಪರಿವರ್ತನೆ ಆಗಬೇಕು, ಆಮೇಲೆ ನಕ್ಷೆ ಮಂಜೂರಾತಿ. ಅದರ ಕಾಗದಗಳು ತಮ್ಮದೇ ವೇಗದಲ್ಲಿ ಓಡಾಡುತ್ತವೆ. ಆ ಕಾಯುವಿಕೆಯಲ್ಲಿ ಜನಕ್ಕೆ ಕಷ್ಟವಿತ್ತು. ಬೇಸಗೆಯಲ್ಲಿ ತಗಡು ಕಾಯುತ್ತಿತ್ತು, ಮಳೆಗಾಲದಲ್ಲಿ ಸದ್ದಿಗೆ ಪ್ರಬೋಧನೆ ಕೇಳುತ್ತಿರಲಿಲ್ಲ. ಆದರೆ ಗೋಡೆಯಿಲ್ಲದ ಆ ವರ್ಷಗಳಲ್ಲಿ ಹೊಲಕ್ಕೂ ಪೂಜೆಗೂ ನಡುವೆ ಏನೂ ಇರಲಿಲ್ಲ. ಕಾಣಿಕೆಯ ಹೊತ್ತಿಗೆ ಸಿಪಿಲೆ ಹಕ್ಕಿ ಬಾಲ ಕುಣಿಸುತ್ತ ಕುರ್ಚಿಗಳ ಸಾಲಿನಲ್ಲಿ ನಡೆದುಹೋದದ್ದನ್ನು ನಾನು ಬೇಲಿಯಾಚೆಯಿಂದ ಕಂಡಿದ್ದೇನೆ. ಯಾವ ಮಗುವೂ ಅದನ್ನು ಓಡಿಸಲಿಲ್ಲ.

ಅಡಿಪಾಯದ ಗುರುತು ಹಾಕಿ ಜಲ್ಲಿ ಸುರಿದದ್ದು ಮಾರ್ಚ್‌ನಲ್ಲಿ. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ಕಲ್ಲುನೆಲದಲ್ಲಿ ಸಣ್ಣ ಗುಳಿ ಮಾಡಿ ಮೊಟ್ಟೆಯಿಡುತ್ತದೆ. ಹಸಿರುಗಂದು ಮೊಟ್ಟೆಯ ಮೇಲೆ ಕರಿ ಮಚ್ಚೆ. ಜಲ್ಲಿಯ ನಡುವೆ ಇದ್ದರೆ ಎರಡು ಹೆಜ್ಜೆ ದೂರದಿಂದಲೂ ಕಾಣದು. ಲೋಡು ಇಳಿಸಿದ ಜಾಗದ ಅಂಚಿನಲ್ಲೇ ನಾಲ್ಕು ಮೊಟ್ಟೆಗಳಿದ್ದವು, ಚೂಪು ತುದಿಗಳು ಒಳಮುಖವಾಗಿ. ಮೊದಲು ಕಂಡವರು ಮೇಸ್ತ್ರಿಯ ಕಡೆಯ ಯಾದಗಿರಿಯ ಹೆಂಗಸರು. ಹಕ್ಕಿ ತಲೆಯ ಮೇಲೆ ಎರಗಿ ಎರಗಿ ಕೂಗಿದ್ದರಿಂದ ಹುಡುಕಿದರಂತೆ. ಅವರೇ ಸುತ್ತ ನಾಲ್ಕು ಸೈಜುಗಲ್ಲು ಇಟ್ಟರು.

"ತತ್ತಿ ಇಟ್ಟದ್ರೀ ಫಾದರ್, ಆ ಕಡೀಂದ ಅಗಿಯೂಣು," ಅಂದರು.

ಅಗೆತ ಆ ಕಡೆಯಿಂದಲೇ ಶುರುವಾಯಿತು. ಕಾವಿನ ಕಾಲ ಸುಮಾರು ನಾಲ್ಕು ವಾರ. ಬಿಸಿಲು ಏರಿದಾಗ ತಾಯಿಯೋ ತಂದೆಯೋ ಕ್ಯೂರಿಂಗ್‌ಗೆಂದು ನಿಲ್ಲಿಸಿದ ನೀರಿನಲ್ಲಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತಿತ್ತು. ಈ ಜಾತಿಯಲ್ಲಿ ಇದು ತಿಳಿದಿರುವ ನಡವಳಿಕೆಯೇ. ಆದರೂ ಅಷ್ಟು ಹತ್ತಿರದಿಂದ, ಅಷ್ಟು ದಿನ ನೋಡಲು ಸಿಕ್ಕಿದ್ದು ಭಾಗ್ಯ. ಮರಿಗಳು ಒಡೆದು ಬಂದ ದಿನವೇ ಕಾಲ ಮೇಲೆ ನಡೆದು ಹುಲ್ಲಿಗೆ ಹೋದವು. ನಾಲ್ಕರಲ್ಲಿ ಮೂರು. ಒಂದು ಮೊಟ್ಟೆ ಹಾಗೆಯೇ ಉಳಿಯಿತು.

ಅದೇ ತಿಂಗಳುಗಳಲ್ಲಿ ಹಿಪ್ಪೆ ಹೂ ಬೀಳುತ್ತಿತ್ತು. ಒಂದು ಬೆಳಗ್ಗೆ ಬುಡದಲ್ಲಿ ಒಬ್ಬ ಹೆಂಗಸು ಸೆರಗಿನಲ್ಲಿ ಹೂ ಆರಿಸುತ್ತಿದ್ದಳು. ಸುಂದರಗಢದ ಕಡೆಯವಳು, ಅಪಾರ್ಟ್‌ಮೆಂಟಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಕತ್ತಲಲ್ಲಿ ಕೆಲಸಕ್ಕೆ ಹೋಗುವಾಗ ವಾಸನೆ ಹಿಡಿದು ಬಂದಳಂತೆ. ಅವರ ಕಾಡಿನದೂ ಇದೇ ಮರ, ಎಲೆ ಸ್ವಲ್ಪ ಅಗಲವಾದ ಬಗೆ. ಅಲ್ಲಿ ಹೂವನ್ನು ಒಣಗಿಸಿ ಇಟ್ಟು, ಬೇಯಿಸಿ, ಹುರಿದು ತಿನ್ನುತ್ತಾರೆ. ಬೀಜದಿಂದ ಎಣ್ಣೆ ತೆಗೆಯುತ್ತಾರೆ. ಬೆಂಗಳೂರಿಗೆ ಬಂದಮೇಲೆ ಗುರುತು ಸಿಕ್ಕ ಮೊದಲ ಮರ ಇದು ಎಂದು ಮುರುಕು ಕನ್ನಡದಲ್ಲಿ ಹೇಳಿದಳು. ಮುಂದಿನ ಹಿಂದಿ ಪೂಜೆಯಲ್ಲಿ ಕಾಣಿಕೆಯ ತಟ್ಟೆಯಲ್ಲಿ ರೊಟ್ಟಿ, ದ್ರಾಕ್ಷಾರಸದ ಜೊತೆ ಒಂದು ಬೊಗಸೆ ಹಿಪ್ಪೆ ಹೂ ಹೋಯಿತು. ಹೊಲದ ಹಳೆಯ ಯಜಮಾನರಿಗೆ ಇದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ ಮನೆ ಹೆಣ್ಮಕ್ಕಳು ಯಾರೂ ಆರಿಸ್ತಿರಲಿಲ್ಲ ಇತ್ತೀಚೆಗೆ" ಅಂದರು.

ಧರ್ಮಕೇಂದ್ರದ ವರ್ಷ ಸೂರ್ಯಚಂದ್ರರನ್ನೂ ಗಿಡಮರಗಳನ್ನೂ ಎಷ್ಟು ಹಚ್ಚಿಕೊಂಡಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಗರಿಗಳ ಭಾನುವಾರಕ್ಕೆ ಇಲ್ಲಿ ತೆಂಗಿನ ಗರಿ, ಕೆರೆಯಂಚಿನ ಈಚಲ ಗರಿ ಎರಡೂ ಬರುತ್ತವೆ. ಮನೆಗಳಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿಗಳನ್ನು ಮರುವರ್ಷ ಒಟ್ಟುಗೂಡಿಸಿ ಸುಟ್ಟು, ಆ ಬೂದಿಯನ್ನೇ ತಪಸ್ಸುಕಾಲ ಶುರುವಾಗುವ ಬುಧವಾರ ಹಣೆಗೆ ಹಚ್ಚುತ್ತಾರೆ. ಪಾಸ್ಖ (ಈಸ್ಟರ್) ಹಬ್ಬದ ದಿನ ನಿರ್ಧಾರವಾಗುವುದು ಚಂದ್ರನಿಂದ: ಮಾರ್ಚ್ 21ರ ಅಥವಾ ಆಮೇಲಿನ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ. ಬೇಗ ಬಂದರೆ ಮಾರ್ಚ್ 22, ತಡವಾದರೆ ಏಪ್ರಿಲ್ 25. ಹಬ್ಬದ ಹಿಂದಿನ ಶನಿವಾರ ರಾತ್ರಿ ದೀಪಗಳನ್ನೆಲ್ಲ ಆರಿಸಿ ಹೊಲದಲ್ಲಿ ಹೊಸ ಬೆಂಕಿ ಹೊತ್ತಿಸಿದಾಗ, ಹುಣ್ಣಿಮೆ ಕಳೆದ ಚಂದ್ರ ಹಿಪ್ಪೆಯ ಹಿಂದೆ ಇತ್ತು. ಹೊಂಗೆ ಹೊಸ ಚಿಗುರಿನಲ್ಲಿತ್ತು. ಹಾಲಕ್ಕಿ ಮಾತ್ರ ಜನ ಹಾಡಿದಷ್ಟೂ ಕಿರುಚಿತು.

ಸೆಪ್ಟೆಂಬರ್ 8 ಮರಿಯಮ್ಮನವರ ಜನನದ ಹಬ್ಬ, ಕರಾವಳಿಯವರ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಹೂ ತಂದು ಅರ್ಪಿಸುತ್ತಾರೆ, ಕೊನೆಯ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ದು ಹಾಲಿಗೋ ಪಾಯಸಕ್ಕೋ ಸುಲಿದು ಹಾಕುತ್ತಾರೆ. ಆದರೆ ಸೆಪ್ಟೆಂಬರಿನಲ್ಲಿ ಬಯಲುಸೀಮೆಯ ರಾಗಿ ಇನ್ನೂ ಎಳಸು, ಕಟಾವು ಕಾರ್ತಿಕ ಕಳೆದ ಮೇಲೆ. ಭತ್ತದ ತೆನೆ ಮಂಗಳೂರಿನ ರಾತ್ರಿ ಬಸ್ಸಿನಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂತು. ಹೂವಿಗೆ ಮೊದಲ ವರ್ಷ ಪೇಟೆಯ ಸೇವಂತಿಗೆ ತಂದರು. ಮರುವರ್ಷ ಸಿಸ್ಟರ್ ಒಬ್ಬರು ಮಕ್ಕಳನ್ನು ಹೊಲದೊಳಕ್ಕೇ ಕರೆದುಕೊಂಡು ಹೋದರು. ತುಂಬೆ, ಶಂಖಪುಷ್ಪ, ಅಂಚಿನಲ್ಲಿ ತಾನಾಗಿ ಮೊಳೆತಿದ್ದ ಹುಚ್ಚೆಳ್ಳಿನ ಹಳದಿ ಹೂ ಸಿಕ್ಕವು. ಬುಟ್ಟಿಗಳು ಅರ್ಧವೂ ತುಂಬಲಿಲ್ಲ. ಬೀಳು ಹೊಲದಲ್ಲಿ ಎಷ್ಟು ಹೂವಿದೆ, ಎಷ್ಟು ಉಳಿದಿಲ್ಲ ಎಂಬ ಲೆಕ್ಕ ಆ ಮಕ್ಕಳಿಗೆ ಅಂದು ಸಿಕ್ಕಿತು.

ಸತ್ತವರಿಗೆ ಇಲ್ಲಿ ಜಾಗವಿಲ್ಲ. ಮರಣದ ರಿಜಿಸ್ಟರಿನ ಮೊದಲ ಹೆಸರು ಮಗನ ಮನೆಗೆಂದು ಹಳ್ಳಿಯಿಂದ ಬಂದಿದ್ದ ಅಜ್ಜಿಯದು. ಮಣ್ಣಿಗೆ ಎಲ್ಲಿಗೆ ಒಯ್ಯುವುದೆಂದು ತೀರ್ಮಾನಿಸುವುದರಲ್ಲೇ ಅರ್ಧ ದಿನ ಹೋಯಿತು. ಹೊಸೂರು ರಸ್ತೆಯ ಇಂಡಿಯನ್ ಕ್ರಿಶ್ಚಿಯನ್ ಸಿಮೆಟ್ರಿಯಂಥ ಹಳೆಯ ಸ್ಮಶಾನಗಳಲ್ಲಿ ಸ್ಥಳದ ಕೊರತೆ. ಕೊನೆಗೆ ಅವರ ಊರಿಗೇ ಒಯ್ದರು. ಹುಟ್ಟಿಗೂ ಮದುವೆಗೂ ಬಡಾವಣೆ ಸಿದ್ಧವಾಗುತ್ತದೆ, ಸಾವಿಗೆ ಆಗುವುದಿಲ್ಲ. ಯೋಜನೆ ಬರೆಯುವವರು ಇದನ್ನು ಮೊದಲೇ ಯೋಚಿಸಬೇಕಿತ್ತು. ಯಾವ ಮತದವರಿಗೂ ಇದು ಅನ್ವಯಿಸುತ್ತದೆ. ಹಳೆಯ ಸ್ಮಶಾನಗಳು ನಗರದಲ್ಲಿ ಕಾಂಕ್ರೀಟು ಮುಚ್ಚದೆ ಉಳಿದ ಮಣ್ಣಿನ ತುಣುಕುಗಳು ಎಂಬುದನ್ನು ಪಕ್ಷಿವೀಕ್ಷಕರೆಲ್ಲ ಬಲ್ಲರು.

ಕಟ್ಟಡವಿಲ್ಲದೆ ಹುಟ್ಟಿದ ಈ ಧರ್ಮಕೇಂದ್ರದ ತಿರುವುಮುರುವು ಹಾಸನದ ಶೆಟ್ಟಿಹಳ್ಳಿಯಲ್ಲಿ ಕಾಣುತ್ತದೆ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿಸಿದ ರೋಜರಿ ಚರ್ಚು ಅದು. ಹೇಮಾವತಿ ಜಲಾಶಯ ಬಂದಾಗ ಊರು ಎದ್ದು ಹೋಯಿತು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಮೇಲೇಳುತ್ತದೆ, ಚಾವಣಿಯಿಲ್ಲದ ಕಮಾನುಗಳಲ್ಲಿ ಹಕ್ಕಿಗಳು ಕೂರುತ್ತವೆ. ಫೋಟೋ ತೆಗೆಯಲು ಜನ ಹೋಗುತ್ತಾರೆ. ನಾನೂ ಹೋಗಿದ್ದೇನೆ. ಅಷ್ಟು ಚಂದದ ಕಲ್ಲುಕಟ್ಟಡ ಅಲ್ಲಿದೆ, ಅದರ ಧರ್ಮಕೇಂದ್ರ ಜನರೊಂದಿಗೆ ಹೊರಟುಹೋಗಿದೆ. ಸರ್ಜಾಪುರದ ಕಡೆಯ ತಗಡಿನ ಚಪ್ಪರದಲ್ಲಿ ಧರ್ಮಕೇಂದ್ರ ಇತ್ತು, ಕಟ್ಟಡ ಇರಲಿಲ್ಲ.

ಈಗ ಕಟ್ಟಡ ಲಿಂಟಲ್ ಮಟ್ಟಕ್ಕೆ ಬಂದಿದೆ. ಮುಗಿದ ಮೇಲೆ ಮಹಾಧರ್ಮಾಧ್ಯಕ್ಷರು ಬಂದು ಪ್ರತಿಷ್ಠೆ ಮಾಡುತ್ತಾರೆ. ಬಲಿಪೀಠಕ್ಕೂ ಗೋಡೆಯ ಹನ್ನೆರಡು ಅಥವಾ ನಾಲ್ಕು ಕಡೆಗಳಿಗೂ ಪವಿತ್ರ ತೈಲ ಹಚ್ಚುತ್ತಾರೆ. ಆಲಿವ್ ಎಣ್ಣೆಯೇ ಆಗಬೇಕೆಂಬ ಕಟ್ಟುಪಾಡು 1970ರಲ್ಲಿ ಸಡಿಲವಾಯಿತು. ಬೇರೆ ಸಸ್ಯದ ಎಣ್ಣೆಯೂ ಸಲ್ಲುತ್ತದೆ. ಅಂದು ಚರ್ಚಿಗೆ ಇಟ್ಟ ಹೆಸರನ್ನು ಆಮೇಲೆ ಬದಲಿಸುವಂತಿಲ್ಲ.

ಚರ್ಚಿನ ಚಾವಣಿ ಸುಮಾರು 500 ಚದರ ಮೀಟರು. ಬೆಂಗಳೂರಿನ ಸರಾಸರಿ ವಾರ್ಷಿಕ ಮಳೆ 970 ಮಿಲಿಮೀಟರಿನಷ್ಟು. ಎಂದರೆ ಆ ಚಾವಣಿಯ ಮೇಲೆ ವರ್ಷಕ್ಕೆ ಹೆಚ್ಚುಕಡಿಮೆ 4.85 ಲಕ್ಷ ಲೀಟರು ನೀರು ಬೀಳುತ್ತದೆ. 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ ಕಾವೇರಿ ಐದನೇ ಹಂತದ ನೀರು ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು. ಈ ಬಡಾವಣೆ ಅದರ ಎಲ್ಲೆಯಾಚೆ ಇದೆ, ಕೊಳವೆಬಾವಿ ಮತ್ತು ಟ್ಯಾಂಕರು ನಂಬಿದೆ. ನಕ್ಷೆಯಲ್ಲಿ ಮೊದಲು ಹೊಲವನ್ನೆಲ್ಲ ಇಂಟರ್‌ಲಾಕ್ ಟೈಲ್ಸ್‌ನಿಂದ ಮುಚ್ಚುವುದೆಂದು ಬರೆದಿತ್ತು. ಪಾರ್ಕಿಂಗ್ ಬೇಕು, ಕೆಸರಾಗಬಾರದು, ತೇರಿನ ಮೆರವಣಿಗೆಗೆ ಅಡ್ಡಿಯಾಗಬಾರದು ಎಂಬುದು ಕಾರಣ. ಪಾಲನಾ ಪರಿಷತ್ತಿನ ಸಭೆಯಲ್ಲಿ ಇದಕ್ಕೆ ಎದುರು ಮಾತಾಡಿದವರು ಹಾರೋಬೆಲೆಯ ಅದೇ ಹಿರಿಯರು. ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯ ಪಾಲನೆ ಕುರಿತು ಬರೆದ ಲೌದಾತೋ ಸಿ ವಿಶ್ವಪತ್ರವನ್ನು ಯುವಕರು ಮುಂದಿಟ್ಟರು. ಹಿರಿಯರು ಹೇಳಿದ್ದು ಬೇರೆ: "ಮಣ್ಣು ಉಸಿರಾಡ್ಲಿ ಫಾದರ್. ನಮ್ಮೂರ ಚರ್ಚ್ ಅಂಗಳ್ದಲ್ಲಿ ಸುಗ್ಗಿಲಿ ರಾಗಿ ಒಣಗಾಕ್ತಿದ್ವಿ." ಅರ್ಧ ಹೊಲ ಮಣ್ಣಾಗಿಯೇ ಉಳಿಯುವುದೆಂದು ತೀರ್ಮಾನವಾಯಿತು. ಹಿಪ್ಪೆಯ ನೆರಳಿನ ಹರವಿನಷ್ಟು ಅಗಲಕ್ಕೆ ಯಾವ ಅಗೆತವೂ ಇಲ್ಲ.

ಹೊಸ ಧರ್ಮಕೇಂದ್ರ ಕಟ್ಟಲು ಹೊರಟಿರುವ ಗುರುಗಳಲ್ಲಿ, ಸಿಸ್ಟರುಗಳಲ್ಲಿ, ಪಾಲನಾ ಪರಿಷತ್ತಿನವರಲ್ಲಿ ನನ್ನ ಕೋರಿಕೆ ಇದೆ. ಮಂಜೂರಾತಿಗೆ ಹೇಗೂ ಕಾಯಬೇಕಲ್ಲ, ಆ ಕಾಲದಲ್ಲಿ ಒಂದು ಪೂರ್ತಿ ವರ್ಷ ನಿಮ್ಮ ನೆಲವನ್ನು ಮಕ್ಕಳ ಕೈಯಲ್ಲಿ ನೋಡಿಸಿ, ಬರೆಸಿ. ಯಾವ ಮರ ಯಾವಾಗ ಹೂ ಬಿಟ್ಟಿತು, ಯಾವ ಹಕ್ಕಿ ಎಲ್ಲಿ ಮೊಟ್ಟೆಯಿಟ್ಟಿತು, ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹರಿಯಿತು. ಆಮೇಲೆ ನಕ್ಷೆ ಬರೆಸಿ. ಇರುವ ಮರ ಉಳಿಸಿ. ನೆಡುವುದಾದರೆ ಹೊಂಗೆ, ಹಿಪ್ಪೆ, ಬೇವು, ಹೊಳೆಮತ್ತಿ ನೆಡಿ. ಚಾವಣಿಯ ನೀರು ಇಂಗಲು ಗುಂಡಿ ತೋಡಿ. ರಾತ್ರಿಯೆಲ್ಲ ಉರಿಯುವ ಫ್ಲಡ್‌ಲೈಟನ್ನು ಮರಗಳ ಕಡೆ ತಿರುಗಿಸಬೇಡಿ. ಮೂರು ರಿಜಿಸ್ಟರುಗಳ ಪಕ್ಕದಲ್ಲಿ ಈ ನೆಲದ್ದೂ ಒಂದು ರಿಜಿಸ್ಟರು ಇಡಿ, ಅದರ ಮೊದಲ ಪುಟವನ್ನು ನಿಮಗೆ ಹೊಲ ಕೊಟ್ಟ ರೈತರಿಂದಲೇ ಬರೆಸಿ.